ಎರೆಹುಳುವಿನ ಪಾಳಿ

ಭಾನುವಾರ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಅಗಲ ಬಾಯಿಯ ಬೋಗುಣಿಯಲ್ಲಿ ನೀರು ತುಂಬಿಸಿ, ಪಕ್ಕದಲ್ಲಿ ಸ್ಪಿರಿಟ್ಟಿನಿಂದ ಒರೆಸಿದ ಸಣ್ಣ ಕತ್ತರಿ ಇಟ್ಟೆನೆಂದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ: ಇವತ್ತು ಪುದೀನದ ಬೇರು ಸವರುವ ದಿನ. ಮೊದಲು ಗಿಡಗಳ ಮೇಲಿನ ಎಲ್‌ಇಡಿ ದೀಪ ಆರಿಸುತ್ತೇನೆ. ಅಷ್ಟು ಹೊತ್ತು ಬೆಳಗಿದ್ದ ಮೂಲೆಗೆ ಮುಸ್ಸಂಜೆ ಬಂದು ಕೂರುತ್ತದೆ. ಕಿಟಕಿಯಾಚೆ ಸಾನಪಾಡಾ ಸ್ಟೇಷನ್ ಬಿಟ್ಟು ವಾಶಿಯ ಕಡೆಗೆ ಹೊರಟ ಲೋಕಲ್ಲಿನ ಸದ್ದು. ಒಳಗೆ ತೊಟ್ಟಿಯ ಪಂಪಿನ ಗುಂಯ್ ಎನ್ನುವ ಸಣ್ಣ ರಾಗ. ಪಂಪನ್ನೂ ನಿಲ್ಲಿಸಿ, ಮುಚ್ಚಳವನ್ನು ಗಿಡಗಳ ಸಮೇತ ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲೆತ್ತುತ್ತೇನೆ. ಮೂರು ವರ್ಷದಿಂದ ನೋಡುತ್ತಿದ್ದರೂ ಆ ಹೊತ್ತಿಗೆ ಕೈ ಒಂದು ಕ್ಷಣ ತಡೆಯುತ್ತದೆ. ಮೇಲೆ ಗೇಣುದ್ದದ ಪುದೀನ, ಕೆಳಗೆ ಮೊಳದುದ್ದದ ಬೇರು. ಒರಳಿನಿಂದ ಆಗಷ್ಟೇ ಒತ್ತಿದ ಶ್ಯಾವಿಗೆಯ ಹಾಗೆ ಬೆಳ್ಳಗೆ, ಒದ್ದೆಯಾಗಿ, ಒಂದಕ್ಕೊಂದು ಹೆಣೆದುಕೊಂಡು, ತೊಟ್ಟಿಯ ಮೂಲೆಗಳ ಆಕಾರವನ್ನೇ ಹೊತ್ತು ಅದು ಮೇಲೆ ಬರುತ್ತದೆ. ನೀರೆಲ್ಲ ಸುರಿದುಹೋದ ಮೇಲೂ ಬಹಳ ಹೊತ್ತು ತೊಟ್ಟಿಕ್ಕುತ್ತಲೇ ಇರುತ್ತದೆ.

ಬದುಕಿರುವ ಗಿಡದ ಬೇರನ್ನು ಹೀಗೆ ಎದುರಿಗೆ ಹಿಡಿದು ನೋಡುವುದು ನನ್ನ ಬಾಲ್ಯದಲ್ಲಿ ಇರಲಿಲ್ಲ. ಕುಂದಾಪುರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಬೇರು ಕಣ್ಣಿಗೆ ಬಿತ್ತೆಂದರೆ ಗಿಡ ಒಂದೋ ಸತ್ತಿದೆ, ಇಲ್ಲವೇ ಜಾಗ ಬದಲಿಸುತ್ತಿದೆ ಎಂದು ಅರ್ಥ. ಕಿತ್ತು ಅಂಚಿಗೆ ಎಸೆದ ಕಳೆ, ಆಷಾಢದ ಗಾಳಿಗೆ ಉರುಳಿದ ಬಾಳೆ, ಹೊಳೆ ಕೊರೆದ ದಡದಲ್ಲಿ ತೂಗುಬಿದ್ದ ಹೊನ್ನೆ. ಬೇರಿನ ಜಾಗ ಕತ್ತಲೆ. ಅದನ್ನು ಬಯಲಿಗೆ ತರುವುದೇ ಒಂದು ಅಪಚಾರವೆಂಬ ಭಾವನೆ ಭಾಷೆಯಲ್ಲೂ ಇದೆ. ಬುಡಕ್ಕೆ ಕೊಡಲಿ ಹಾಕುವುದು, ಬೇರುಸಹಿತ ಕಿತ್ತೊಗೆಯುವುದು, ಬೇರಿಗೇ ಕೈಹಚ್ಚುವುದು – ಎಲ್ಲವೂ ನಾಶದ ಮಾತುಗಳೇ. ಹಾಗಾಗಿ ಮೊದಲ ಸಲ ಕತ್ತರಿ ಹಿಡಿದಾಗ ಕೈ ನಡುಗಿದ್ದರೆ ಅದು ನನ್ನ ಕೈಯ ನಡುಕ ಮಾತ್ರವಲ್ಲ, ನನ್ನ ನುಡಿಯ ನಡುಕವೂ ಹೌದು. ಆದರೆ ಅದೇ ನುಡಿ ಇನ್ನೊಂದು ಪದವನ್ನೂ ಕೊಟ್ಟಿದೆ: ಸವರುವುದು. ಕೊಂಬೆ ಸವರುತ್ತಾರೆ, ಬೇಲಿ ಸವರುತ್ತಾರೆ. ಮಗುವಿನ ತಲೆಯನ್ನೂ ಸವರುತ್ತಾರೆ. ಕತ್ತರಿಸುವುದಕ್ಕೂ ಮೃದುವಾಗಿ ಕೈಯಾಡಿಸುವುದಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿದೆ. ಬೇರಿನ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಗೊತ್ತಿಲ್ಲ. ಈ ಎರಡೂ ಅರ್ಥಗಳನ್ನು ಒಟ್ಟಿಗೆ ಹಿಡಿದುಕೊಂಡೇ ಈ ಕೆಲಸ ಮಾಡಬೇಕು.

ನಮ್ಮದು ಮಣ್ಣಿಲ್ಲದ ತೋಟ. ಎಂಟು ತೂತಿನ ಮುಚ್ಚಳ, ಆರು ಲೀಟರ್ ಹಿಡಿಯುವ ತೊಟ್ಟಿ, ಬೆರಳ ಗಾತ್ರದ ಪಂಪು, ಮೇಲೆ ಏರಿಸಿ ಇಳಿಸಬಹುದಾದ ದೀಪ. ಪ್ರತಿ ತೂತಿನಲ್ಲಿ ಒಂದು ಜಾಳಿಗೆಯ ಬಟ್ಟಲು, ಬಟ್ಟಲೊಳಗೆ ಸ್ಪಂಜಿನ ತುಂಡು, ಸ್ಪಂಜಿನೊಳಗೆ ಗಿಡದ ಕುತ್ತಿಗೆ. ಖಾಲಾಪುರದ ಕಡೆಯ ಮೋರ್ಬೆ ಅಣೆಕಟ್ಟಿನಿಂದ ನವಿ ಮುಂಬಯಿಗೆ ಬರುವ ನೀರನ್ನು ಒಂದು ರಾತ್ರಿ ತೆರೆದ ಬಕೆಟಿನಲ್ಲಿ ಇಟ್ಟು, ಬೆಳಿಗ್ಗೆ ಅದಕ್ಕೆ ಎ ಮತ್ತು ಬಿ ಎಂದು ಬರೆದ ಎರಡು ಬಾಟಲಿಗಳಿಂದ ಪೋಷಕಾಂಶದ ದ್ರಾವಣ ಅಳೆದು ಹಾಕುತ್ತೇನೆ. ಸದ್ಯ ಎರಡು ಪುದೀನ, ಒಂದು ಕಾಮಕಸ್ತೂರಿ, ಮೂರು ಲೆಟ್ಯೂಸ್, ಒಂದು ಒಂದೆಲಗ, ಒಂದು ಬಸಳೆ ಇವೆ. ಪುದೀನ ಬೀಜದಿಂದ ಬಂದದ್ದಲ್ಲ. ನಮ್ಮ ಮನೆಯಿಂದ ಆಟೊದಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಎಪಿಎಂಸಿ ಮಾರುಕಟ್ಟೆ ಇದೆ. ಅಲ್ಲಿಂದ ತಂದ ಒಂದು ಕಟ್ಟಿನಲ್ಲಿ ಗಟ್ಟಿ ದಂಟು ನಾಲ್ಕು ಆರಿಸಿ, ಕೆಳಗಿನ ಎಲೆ ಚಿವುಟಿ, ಗ್ಲಾಸಿನ ನೀರಲ್ಲಿ ನಿಲ್ಲಿಸಿದ್ದೆ. ಒಂದು ವಾರ ಕಳೆಯುವುದರೊಳಗೆ ಗೆಣ್ಣುಗಳಿಂದ ಬಿಳಿ ಮೊಳಕೆಗಳು ಹೊರಟವು. ಚಟ್ನಿಗೆಂದು ತಂದದ್ದು ಸಂಸಾರ ಹೂಡಿತು.

ಪುದೀನಕ್ಕೂ ಮಣ್ಣಿಲ್ಲದ ನೀರಿಗೂ ನಂಟು ಹಳೆಯದು. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬಾತ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಗಿಡ ಬೆಳೆಯುವುದು ಬರಿ ನೀರಿನಿಂದಲೋ, ಅದರೊಳಗಿನ ಬೇರೆ ಏನಿಂದಲೋ ಎಂಬುದು ಆತನ ಪ್ರಶ್ನೆ. ಅದಕ್ಕೆ ಆತ ಆರಿಸಿಕೊಂಡದ್ದು ಪುದೀನದ ಜಾತಿಯ ಗಿಡವನ್ನೇ. ಮಳೆನೀರು, ಥೇಮ್ಸ್ ನದಿಯ ನೀರು, ತೋಟದ ಮಣ್ಣು ಕಲಕಿದ ನೀರು – ಹೀಗೆ ಬೇರೆ ಬೇರೆ ಗಾಜಿನ ಪಾತ್ರೆಗಳಲ್ಲಿ ಇಟ್ಟು, ಮೊದಲೂ ಕೊನೆಗೂ ತೂಗಿ ನೋಡಿದ. ಮಣ್ಣು ಕಲಕಿದ ನೀರಿನ ಗಿಡವೇ ಹೆಚ್ಚು ತೂಗಿತು. ಮಣ್ಣು ಏನನ್ನೋ ಕೊಡುತ್ತಿದೆ ಎಂದು ಆತನಿಗೆ ಗೊತ್ತಾಯಿತು. ಆ ‘ಏನೋ’ ಏನೇನು ಎಂದು ಒಂದೊಂದಾಗಿ ಬಿಡಿಸಿ ಹೇಳಲು ಮತ್ತೆ ನೂರೈವತ್ತು ವರ್ಷ ಬೇಕಾದವು. ಜರ್ಮನಿಯ ಯೂಲಿಯುಸ್ ಸಾಕ್ಸ್ 1860ರ ಹೊತ್ತಿಗೆ ಲವಣಗಳನ್ನು ಕರಗಿಸಿದ ನೀರಿನಲ್ಲೇ ಗಿಡ ಬೆಳೆಸಿ ತೋರಿಸಿದ. ನಮ್ಮ ದೇಶದಲ್ಲಿ ಕಾಲಿಂಪಾಂಗ್‌ನ ಬೆಟ್ಟದಲ್ಲಿ ಶೋಲ್ಟೊ ಡಗ್ಲಸ್ ಮಾಡಿದ ಪ್ರಯೋಗಗಳು 1951ರಲ್ಲಿ ಪುಸ್ತಕವಾಗಿ ಬಂದು, ‘ಬಂಗಾಳ ಪದ್ಧತಿ’ ಎಂಬ ಹೆಸರು ಪಡೆದವು. ನನ್ನ ಎ ಬಾಟಲಿ, ಬಿ ಬಾಟಲಿ ಈ ಎಲ್ಲರ ಕೈದಾಟಿ ಬಂದಂಥವು. ಮಣ್ಣು ಏನು ಕೊಡುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿದ್ದರು. ಮಣ್ಣು ಏನು ತೆಗೆದುಕೊಂಡು ಹೋಗುತ್ತದೆ ಎಂಬುದನ್ನು ನಾನು ನನ್ನ ತೊಟ್ಟಿಯಲ್ಲೇ ಕಲಿಯಬೇಕಾಯಿತು.

ಮೊದಲ ವರ್ಷ ನಾನು ಬೇರಿನ ಗೊಡವೆಗೆ ಹೋಗಿರಲಿಲ್ಲ. ಬೇರು ಹೆಚ್ಚಿದಷ್ಟೂ ಗಿಡಕ್ಕೆ ಒಳ್ಳೆಯದು ಎಂದೇ ನಂಬಿದ್ದೆ. ಏಪ್ರಿಲ್ ಕೊನೆಯಲ್ಲಿ ಊರಿನ ಒಂದು ಮದುವೆಗೆ ಹೋಗಿ ಎಂಟು ದಿನದ ಮೇಲೆ ಮರಳಿ ಬಾಗಿಲು ತೆರೆದರೆ ಚರಂಡಿಯಂಥ ವಾಸನೆ. ಪುದೀನದ ಬೇರು ಪಂಪಿನ ಬಾಯಿಗೆ ನುಗ್ಗಿ ಅದನ್ನು ಕಟ್ಟಿಹಾಕಿತ್ತು. ನೀರು ಓಡಾಡುವುದು ನಿಂತಿತ್ತು. ಬೇರಿನ ಮುದ್ದೆಯ ಹೊರಸುತ್ತು ಇನ್ನೂ ಬೆಳ್ಳಗಿದ್ದರೂ ನಡುವಿನ ಭಾಗ ಕಂದಾಗಿ, ಲೋಳೆಯಾಗಿ, ಕೈಗೆ ಅಂಟುತ್ತಿತ್ತು. ಎಂಟರಲ್ಲಿ ಐದು ಗಿಡ ಹೋಗಿದ್ದವು. ತಪ್ಪು ಪುದೀನದ್ದಲ್ಲ. ಕಾಡಿನ ತೊರೆಯ ಬದಿಯಲ್ಲಿ ಹರಡಿಕೊಳ್ಳಬೇಕಾದ ಜೀವವನ್ನು ಆರು ಲೀಟರಿನಲ್ಲಿ ಕೂರಿಸಿ, ಅದರ ಸ್ವಭಾವದ ಕಡೆಗೆ ನೋಡದೆ ಹೋದವರದು. ಸತ್ತ ಗಿಡಗಳನ್ನು ಎತ್ತಿ ಹಾಕುವಾಗ ನನಗೆ ನಿಜವಾಗಿಯೂ ದುಃಖವಾಗಿತ್ತು.

ಆಮೇಲೆ ಕಾರಣ ಹುಡುಕುತ್ತ ಹೋದೆ. ಬೇರು ನೀರು ಕುಡಿಯುತ್ತದೆ ಎಂದು ಎಲ್ಲರಿಗೂ ಗೊತ್ತು; ಅದು ಉಸಿರಾಡುತ್ತದೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಬೇರಿಗೆ ಆಮ್ಲಜನಕ ಬೇಕು, ನಮ್ಮ ಹಾಗೆಯೇ. 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನೀರು 30 ಡಿಗ್ರಿಗೆ ಏರಿದರೆ ಏಳೂವರೆ ಮಿಲಿಗ್ರಾಂ ಮಾತ್ರ. ಇತ್ತ ಸೆಕೆ ಏರಿದ ಹಾಗೆ ಬೇರಿನ ಉಸಿರಾಟ ಜೋರಾಗುತ್ತದೆ, ಅತ್ತ ನೀರಿನ ಕೈ ಬಿಗಿಯಾಗುತ್ತದೆ. ಬೇರು ದಟ್ಟವಾದಷ್ಟೂ ಒಳಗಿನ ಎಳೆಗಳಿಗೆ ಹೊಸ ನೀರು ತಲುಪುವುದಿಲ್ಲ. ಉಸಿರು ಸಿಗದ ಬೇರು ಸಾಯುತ್ತದೆ; ಸತ್ತ ಬೇರಿನ ಮೇಲೆ ಕೊಳೆರೋಗ ತರುವ ಪಿಥಿಯಂನಂಥ ಜೀವಿಗಳು ನೆಲೆಸುತ್ತವೆ; ಅವು ಪಕ್ಕದ ಬದುಕಿದ ಬೇರಿಗೂ ಹಬ್ಬುತ್ತವೆ. ಸಾನಪಾಡಾದ ಏಪ್ರಿಲ್, ಮೇ ತಿಂಗಳಲ್ಲಿ ಅಡುಗೆಮನೆಯ ಮೂಲೆಯಲ್ಲಿ ನಿಂತ ನೀರು 30 ಡಿಗ್ರಿ ದಾಟುವುದಕ್ಕೆ ಏನೂ ಹೊತ್ತು ಬೇಡ. ಆ ದಿನಗಳಲ್ಲಿ ಫ್ರೀಜರಿನಲ್ಲಿ ಗಟ್ಟಿಯಾದ ಸಣ್ಣ ನೀರಿನ ಬಾಟಲಿಯೊಂದನ್ನು ಮಧ್ಯಾಹ್ನ ತೊಟ್ಟಿಯೊಳಗೆ ಇಳಿಬಿಡುತ್ತೇನೆ. ಬೇರನ್ನೂ ತುಸು ಹೆಚ್ಚೇ ಬಿಡುವು ಮಾಡಿ ಸವರುತ್ತೇನೆ.

ಹಾಗಾದರೆ ಮಣ್ಣಿನಲ್ಲಿ ಬೇರು ಸವರುವವರು ಯಾರು? ಈ ಪ್ರಶ್ನೆ ಹೊಳೆದ ದಿನ ನನಗೆ ಊರಿನ ಹಿತ್ತಲೇ ಬೇರೆಯಾಗಿ ಕಾಣತೊಡಗಿತು. ಮಣ್ಣಿನೊಳಗೂ ಬೇರು ಸಾಯುತ್ತಲೇ ಇರುತ್ತದೆ. ಸಣ್ಣ ತಂತುಬೇರುಗಳ ಆಯುಷ್ಯ ಕೆಲವು ವಾರ, ಕೆಲವು ತಿಂಗಳು. 1937ರಲ್ಲಿ ಅಮೆರಿಕದ ಹೋವರ್ಡ್ ಡಿಟ್ಮರ್ ಎಂಬ ಸಸ್ಯವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳನ್ನು ಮಣ್ಣು ತೊಳೆದು ಅಳೆದು ಲೆಕ್ಕ ಹಾಕಿದ. ಒಟ್ಟು ಉದ್ದ ಸುಮಾರು 620 ಕಿಲೋಮೀಟರ್. ಪನ್ವೇಲಿನಲ್ಲಿ ರೈಲು ಹತ್ತಿ ಕೊಂಕಣದ ಸುರಂಗಗಳನ್ನೆಲ್ಲ ಹಾದು, ಗೋವೆ ದಾಟಿ, ಕನ್ನಡನಾಡಿನೊಳಗೆ ಕಾಲಿಡುವಷ್ಟು ದೂರ, ಒಂದು ಅಡಿ ಅಗಲದ ಪೆಟ್ಟಿಗೆಯ ಮಣ್ಣಿನೊಳಗೆ. ಅಷ್ಟು ಬೇರು ಹುಟ್ಟುತ್ತದೆ ಎಂದರೆ ಅಷ್ಟೇ ಬೇರು ಸಾಯಲೂಬೇಕು. ಸತ್ತದ್ದು ಎಲ್ಲಿ ಹೋಗುತ್ತದೆ? ಶಿಲೀಂಧ್ರದ ನೂಲುಗಳು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಅವುಗಳ ಮೇಲೆ ಬದುಕುವ ಸಣ್ಣ ಪ್ರಾಣಿಗಳು, ಎಲ್ಲಕ್ಕೂ ಮಿಗಿಲಾಗಿ ಎರೆಹುಳು – ಇವೆಲ್ಲ ಸೇರಿ ಸತ್ತ ಬೇರನ್ನು ಮಣ್ಣಾಗಿಸುತ್ತವೆ. ಬೇರು ಕೊಳೆತು ಬಿಟ್ಟುಹೋದ ಕೊಳವೆಯಲ್ಲಿ ಮುಂದಿನ ಬೇರು ಸಲೀಸಾಗಿ ಇಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ ಸಾಯುವ ಹಿಂದಿನ ವರ್ಷ, 1881ರಲ್ಲಿ, ಬರೆದ ಕೊನೆಯ ಪುಸ್ತಕ ಎರೆಹುಳುಗಳ ಮೇಲೆ. ಇಂಗ್ಲೆಂಡಿನ ಎಷ್ಟೋ ಕಡೆ ಒಂದೊಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದುಹೋಗುತ್ತದೆ ಎಂದು ಆತ ಲೆಕ್ಕ ಹಾಕಿದ್ದ.

ನನ್ನ ತೊಟ್ಟಿಯಲ್ಲಿ ಎರೆಹುಳು ಇಲ್ಲ. ತಂದು ಬಿಟ್ಟರೂ ಅದು ಹೆಚ್ಚು ಕಾಲ ಬದುಕುವುದಿಲ್ಲ. ಮಣ್ಣನ್ನು ತೆಗೆದುಹಾಕಿದ ಕೂಡಲೆ ಅದು ಸದ್ದಿಲ್ಲದೆ, ಹಗಲು ರಾತ್ರಿ, ಯಾರೂ ಹೇಳದೆ ಮಾಡುತ್ತಿದ್ದ ಕೆಲಸಗಳೆಲ್ಲ ಮನುಷ್ಯನ ಕೈಗೆ ಬಂದುಬಿದ್ದವು. ಉಣಿಸುವ ಕೆಲಸ ಬಾಟಲಿಗೆ ಬಂತು, ಗಾಳಿಯಾಡಿಸುವ ಕೆಲಸ ಪಂಪಿಗೆ ಬಂತು. ಸತ್ತದ್ದನ್ನು ಎತ್ತಿ ಹೊಸದಕ್ಕೆ ಜಾಗ ಮಾಡಿಕೊಡುವ ಕೆಲಸಕ್ಕೆ ಮಾತ್ರ ಯಾವ ಯಂತ್ರವೂ ಇಲ್ಲ. ಅದು ಕತ್ತರಿ ಹಿಡಿದ ಬೆರಳಿನದು. ಭಾನುವಾರ ಸಂಜೆ ನಾನು ಮಾಡುವುದು ಎರೆಹುಳುವಿನ ಪಾಳಿ.

ಪಾಳಿ ಎಂದ ಮೇಲೆ ಅದಕ್ಕೊಂದು ಕ್ರಮವಿದೆ. ಮೊದಲು ಬೇರಿನ ಗೊಂಚಲನ್ನು ಬೋಗುಣಿಯ ತಣ್ಣೀರಿಗೆ ಇಳಿಸಿ ಎರಡು ನಿಮಿಷ ಬಿಡಬೇಕು. ನೀರಿನಲ್ಲಿ ಗಂಟುಗಳು ತಾವಾಗಿಯೇ ಸಡಿಲಗೊಳ್ಳುತ್ತವೆ. ಆಮೇಲೆ ಎಣ್ಣೆ ಹಚ್ಚಿದ ಕೂದಲಿನ ಸಿಕ್ಕು ಬಿಡಿಸುವ ಹಾಗೆ, ತುದಿಯಿಂದ ಶುರುಮಾಡಿ ಮೇಲಕ್ಕೆ, ಬೆರಳುಗಳನ್ನೇ ಬಾಚಣಿಗೆ ಮಾಡಿಕೊಂಡು ಹೋಗಬೇಕು. ಎಳೆಯಬಾರದು. ಪುದೀನದ ಬೇರು ಲೆಟ್ಯೂಸಿನ ಬೇರಿನೊಳಗೆ ಹೊಕ್ಕಿರುತ್ತದೆ. ಎಳೆದರೆ ಲೆಟ್ಯೂಸ್ ಹರಿಯುತ್ತದೆ. ಬಿಡಿಸುತ್ತ ಹೋದ ಹಾಗೆ ಕಣ್ಣಿಗಿಂತ ಬೆರಳೇ ಹೆಚ್ಚು ತಿಳಿಸುತ್ತದೆ. ಬದುಕಿದ ಬೇರು ಬೆಂದ ಶ್ಯಾವಿಗೆಯಂತೆ ಜಾರಿದರೂ ಒಳಗೊಂದು ಬಿಗಿತ ಇರುತ್ತದೆ. ಸತ್ತದ್ದು ಸುಮ್ಮನೆ ಶರಣಾಗುತ್ತದೆ. ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಜಗ್ಗಿದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ತೆಳು ನೂಲು ಮಾತ್ರ ಉಳಿಯುತ್ತದೆ. ಬಣ್ಣವನ್ನು ಪೂರ್ತಿ ನಂಬಬಾರದು. ದ್ರಾವಣದಲ್ಲಿರುವ ಕಬ್ಬಿಣದ ಅಂಶದಿಂದ ಹಳೆಯ ಬೇರು ಚಹಾದ ಕಲೆಯ ಬಣ್ಣಕ್ಕೆ ತಿರುಗುತ್ತದೆ, ಆದರೂ ಗಟ್ಟಿಯಾಗಿರುತ್ತದೆ. ಕಂದು ಬಣ್ಣದ ಜೊತೆಗೆ ಲೋಳೆಯೂ ವಾಸನೆಯೂ ಸೇರಿದರೆ ಮಾತ್ರ ಅದು ಕೊಳೆ. ಆರೋಗ್ಯವಂತ ಬೇರಿಗೆ ವಾಸನೆ ಬಹಳ ಕಡಿಮೆ. ಮೂಗು ಹತ್ತಿರ ತಂದರೆ ತೊಳೆದ ಸೌತೆಕಾಯಿಯ ನೆನಪಾಗುತ್ತದೆ.

ಸತ್ತದ್ದನ್ನೆಲ್ಲ ತೆಗೆದಾದ ಮೇಲೆ ಬದುಕಿದ್ದರ ಸರದಿ. ಇಲ್ಲಿಯೇ ಕೈ ಹಿಡಿತದಲ್ಲಿರಬೇಕು. ಒಟ್ಟು ಬೇರಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮುಟ್ಟಬಾರದು. ಕೆಳಗಿನ ತುದಿಯಿಂದ, ಬದಿಗಳಿಂದ, ಶಾಲೆಗೆ ಹೋಗುವ ಹುಡುಗಿಯ ಜಡೆಯ ತುದಿ ಸಮ ಮಾಡಿದ ಹಾಗೆ. ಬಟ್ಟಲಿನ ತಳಕ್ಕೆ ಹತ್ತಿರದ, ನೀರಿನ ಮೇಲ್ಮಟ್ಟಕ್ಕಿಂತ ಮೇಲೆ ನಿಲ್ಲುವ ಬೇರುಗಳಿಗೆ ಕತ್ತರಿ ತಾಗಿಸಬಾರದು. ಒಂದು ಸಲ, ಹಿಂದಿನ ಬೇಸಿಗೆಯ ಕೊಳೆಯ ಹೆದರಿಕೆಯಲ್ಲಿ, ಕಾಮಕಸ್ತೂರಿಯ ಬೇರನ್ನು ಅರ್ಧಕ್ಕಿಂತ ಹೆಚ್ಚು ತೆಗೆದಿದ್ದೆ. ಮರುದಿನ ಮಧ್ಯಾಹ್ನ ಎಲೆಗಳೆಲ್ಲ ಜೋತುಬಿದ್ದವು, ಮತ್ತೆ ಏಳಲಿಲ್ಲ. ಅಂದಿನಿಂದ ಬೇರು ಸವರಿದಾಗಲೆಲ್ಲ ಮೇಲಿನ ಸೊಪ್ಪನ್ನೂ ಅಷ್ಟೇ ಪ್ರಮಾಣದಲ್ಲಿ ಕೊಯ್ಯುತ್ತೇನೆ. ಕುಡಿಯುವ ಬಾಯಿ ಕಡಿಮೆಯಾದರೆ ಆವಿಯಾಗಿ ಬಿಡುವ ಎಲೆಯೂ ಕಡಿಮೆಯಾಗಬೇಕಲ್ಲ. ಆ ರಾತ್ರಿ ನಮ್ಮಲ್ಲಿ ಪುದೀನದ ಚಟ್ನಿ ಇದ್ದೇ ಇರುತ್ತದೆ. ತೊಟ್ಟಿಯನ್ನು ಉಜ್ಜಿ ತೊಳೆದು, ಹೊಸ ನೀರಿಗೆ ಮಾಮೂಲಿನ ಅರ್ಧದಷ್ಟೇ ದ್ರಾವಣ ಬೆರೆಸಿ, ಮೂರು ದಿನ ಹಾಗೇ ನಡೆಸುತ್ತೇನೆ. ಗಾಯಗೊಂಡ ಬೇರಿಗೆ ಗಂಜಿ ಸಾಕು, ಹಬ್ಬದೂಟ ಬೇಡ.

ಎಲ್ಲ ಗಿಡಕ್ಕೂ ಒಂದೇ ನಿಯಮವಿಲ್ಲ. ಪುದೀನಕ್ಕೆ ಮೂರು, ನಾಲ್ಕು ವಾರಕ್ಕೊಮ್ಮೆ ಬೇಕೇ ಬೇಕು. ಬಸಳೆಯೂ ಹಾಗೆಯೇ ಉದಾರಿ. ಕೊಟ್ಟಷ್ಟು ಜಾಗ ತುಂಬುತ್ತದೆ, ತೆಗೆದಷ್ಟನ್ನೂ ಮತ್ತೆ ಕಟ್ಟುತ್ತದೆ. ಒಂದೆಲಗಕ್ಕೆ ಎಲ್ಲೋ ಒಮ್ಮೆ. ಕಾಮಕಸ್ತೂರಿಯದು ಸೂಕ್ಷ್ಮ ಸ್ವಭಾವ, ತುದಿ ಮಾತ್ರ. ಲೆಟ್ಯೂಸಿನ ಬೇರನ್ನು ನಾನು ಮುಟ್ಟುವುದೇ ಇಲ್ಲ. ಆರೇಳು ವಾರದಲ್ಲಿ ತಟ್ಟೆಗೆ ಬರುವ ಗಿಡಕ್ಕೆ ಆ ನೋವು ಏಕೆ?

ನಾಲ್ಕನೆಯ ದಿನ ಬೆಳಿಗ್ಗೆ ಮುಚ್ಚಳದ ಅಂಚನ್ನು ಎರಡು ಬೆರಳಷ್ಟು ಎತ್ತಿ, ಮೊಬೈಲಿನ ಬೆಳಕು ಬಿಟ್ಟು ನೋಡುವುದು ನನ್ನ ದೊಡ್ಡ ಸಂತೋಷಗಳಲ್ಲಿ ಒಂದು. ಕತ್ತರಿಸಿದ ತುದಿಯ ತುಸು ಮೇಲೆ, ಹಳೆಯ ಬೇರಿನ ಬದಿಯನ್ನು ಸೀಳಿಕೊಂಡು, ಅಕ್ಕಿಯ ಮೊನೆಯಷ್ಟು ಬಿಳಿ ಚುಕ್ಕೆಗಳು ಕಾಣುತ್ತವೆ. ಕೊಂಬೆಯ ಮೊಗ್ಗು ಹೊರಮೈಯಲ್ಲಿ ಹುಟ್ಟುತ್ತದೆ. ಕವಲುಬೇರು ಹಾಗಲ್ಲ; ಅದು ಬೇರಿನ ಒಳಪದರದಲ್ಲಿ ಹುಟ್ಟಿ, ಹೊರಗಿನ ಪದರಗಳನ್ನೆಲ್ಲ ತಳ್ಳಿಕೊಂಡು ಈಚೆ ಬರಬೇಕು. ಬೇರಿನ ತುದಿ ಇರುವ ತನಕ ತನ್ನ ಹಿಂದಿನ ಕವಲುಗಳನ್ನು ತಡೆದು ಹಿಡಿದಿರುತ್ತದೆ. ತುದಿ ಹೋದರೆ ಆ ತಡೆ ಸಡಿಲವಾಗುತ್ತದೆ. ಕುಡಿಯಿಂದ ಇಳಿಯುವ ಆಕ್ಸಿನ್ ಎಂಬ ಪ್ರಚೋದಕ ಹೊಸ ಬೇರುಗಳನ್ನು ಎಬ್ಬಿಸುತ್ತದೆ. ಬೇರಿನ ತುದಿಗಳಲ್ಲಿ ತಯಾರಾಗುವ ಸೈಟೊಕೈನಿನ್ ಮೇಲೇರಿ ಕುಡಿಗಳನ್ನು ಎಬ್ಬಿಸುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಹೀಗೊಂದು ಕೊಡುಕೊಳ್ಳುವಿಕೆ ನಿಲ್ಲದೆ ನಡೆದಿರುತ್ತದೆ. ಅದಕ್ಕೇ ಸವರಿದ ಮೊದಲ ಕೆಲವು ದಿನ ಗಿಡ ಮೇಲೆ ಬೆಳೆಯದೆ ಸುಮ್ಮನಿರುತ್ತದೆ. ಆ ಸುಮ್ಮನಿರುವಿಕೆಯನ್ನು ನೋಡಿ ಗಾಬರಿಪಡಬಾರದೆಂದು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಎದುರುಮನೆಯ ಮರಾಠಿ ಚಿಕ್ಕಮ್ಮ, ನಾವು ಕಾಕು ಎಂದು ಕರೆಯುವವರು, ವಿದರ್ಭದವರು. ನಾಗಪುರದ ಹತ್ತಿರ ಅವರ ತವರಿನವರಿಗೆ ಕಿತ್ತಳೆ ತೋಟವಿತ್ತು. ಒಂದು ಭಾನುವಾರ ಕರಿಬೇವು ಕೇಳಲು ಬಂದವರು ನನ್ನ ಬೋಗುಣಿ, ಕತ್ತರಿ ನೋಡಿ ಅಲ್ಲೇ ಸ್ಟೂಲು ಎಳೆದುಕೊಂಡು ಕೂತರು. ನಾನು ಬೇರು ಕತ್ತರಿಸುವುದು ಕಂಡು ಅವರಿಗೆ ಎಳ್ಳಷ್ಟೂ ಅಚ್ಚರಿಯಾಗಲಿಲ್ಲ. “ಝಾಡಾಲಾ ತಾಣ್ ದ್ಯಾವಾ ಲಾಗತೋ,” ಎಂದರು. ಮರಕ್ಕೆ ತಾಣ್ ಕೊಡಬೇಕಾಗುತ್ತದೆ. ಅವರ ತಂದೆ ಕಿತ್ತಳೆ ಮರಗಳಿಗೆ ನೀರು ನಿಲ್ಲಿಸಿ, ಬುಡದ ಮಣ್ಣು ಅಗೆದು ಸರಿಸಿ, ಮೇಲ್ಪದರದ ತಂತುಬೇರುಗಳನ್ನು ಬಿಸಿಲಿಗೆ ತೆರೆದಿಡುತ್ತಿದ್ದರಂತೆ. ಕೆಲವನ್ನು ಸವರಿಯೂ ಹಾಕುತ್ತಿದ್ದರಂತೆ. ಎಲೆ ಬಾಡಿ ಉದುರಲು ತೊಡಗಿದಾಗ ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ಹದವಾಗಿ ನೀರು ಬಿಡುವುದು. ಆಗ ಮರ ಮೈತುಂಬ ಹೂಬಿಡುತ್ತದೆ. ಇದಕ್ಕೆ ಬಹಾರ ಎನ್ನುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಹೂಬಿಡಿಸಿದರೆ ಆಂಬಿಯಾ ಬಹಾರ, ಮುಂಗಾರಿನ ಜೊತೆಗೆ ಬಿಡಿಸಿದರೆ ಮೃಗ ಬಹಾರ. ನಮ್ಮ ಮೃಗಶಿರಾ ಮಳೆಯ ಮೃಗವೇ ಇದು. ಮರಾಠಿಯಲ್ಲಿ ‘ತಾಣ್’ ಅಂದರೆ ಬಿಗಿತ, ಎಳೆತ. ಕನ್ನಡದಲ್ಲಿ ‘ತಾಣ’ ಅಂದರೆ ನೆಲೆ. ಒಂದೇ ಸದ್ದಿನ ಎರಡು ಮಾತುಗಳನ್ನು ಆ ಸಂಜೆಯಿಡೀ ನಾಲಿಗೆಯ ಮೇಲೆ ಹೊರಳಿಸುತ್ತ ಕೂತೆ. ಮಣ್ಣು ಇದ್ದಲ್ಲಿಯೂ ಕೆಲವೊಮ್ಮೆ ಮನುಷ್ಯರು ಮಣ್ಣನ್ನು ಸರಿಸಿ, ಅದರ ಕೆಲಸದ ಒಂದು ಪಾಲನ್ನು ತಮ್ಮ ಕೈಗೆ ತೆಗೆದುಕೊಂಡಿದ್ದಾರೆ ಎಂದು ತಿಳಿದು ನನ್ನ ಕೆಲಸಕ್ಕೂ ಒಂದು ವಂಶಾವಳಿ ಸಿಕ್ಕಂತಾಯಿತು.

ವಂಶಾವಳಿ ನನ್ನ ಮನೆಯಲ್ಲೇ ಇತ್ತೆಂಬುದು ನೆನಪಾದದ್ದು ಆಮೇಲೆ. ಆಷಾಢದ ಮಳೆಯಲ್ಲಿ ಅಮ್ಮ ಗೊರಬು ಹೊದ್ದು ಭತ್ತದ ಅಗೆ ಕೀಳುತ್ತಿದ್ದಳು. ಹಿಡಿಯಷ್ಟು ಅಗೆ ಕಿತ್ತು, ಬೇರಿನ ಕಡೆಯನ್ನು ತನ್ನ ಪಾದದ ಬದಿಗೆ ಪಟಪಟನೆ ಬಡಿದು, ಕೆಸರು ಕಳೆದು, ನೀರಲ್ಲಿ ಅದ್ದಿ, ಕಟ್ಟಿ ಹಿಂದಕ್ಕೆ ಎಸೆಯುವಳು. ಬಡಿಯುವಾಗ ಎಷ್ಟೋ ಬೇರು ಹರಿದುಹೋಗುತ್ತಿದ್ದವು. ಅಗೆ ಬಲಿತಿದ್ದರೆ ಮೇಲಿನ ಎಲೆಯ ತುದಿಯನ್ನೂ ಕೊಯ್ದು ಹಾಕುತ್ತಿದ್ದರು. ಕಾಂಡಕೊರಕದ ಮೊಟ್ಟೆ ಇರುವುದು ಆ ತುದಿಯಲ್ಲೇ. ಬೇರೂ ಹೋಯಿತು, ಎಲೆಯೂ ಹೋಯಿತು, ಮೂರು ದಿನ ಗದ್ದೆ ಹಳದಿಯಾಗಿ ಮಲಗಿತು. ವಾರ ಕಳೆದರೆ ಹಸಿರು. ನಾನು ಬೋಗುಣಿಯಲ್ಲಿ ಮೆಲ್ಲಮೆಲ್ಲಗೆ ಮಾಡುವ ಲೆಕ್ಕಾಚಾರವನ್ನು ಆಕೆಯ ಪಾದ ಮಳೆಯಲ್ಲಿ ನಿಂತೇ ಮಾಡುತ್ತಿತ್ತು. ಕಳೆದ ವರ್ಷ ಇಲ್ಲಿಗೆ ಬಂದಾಗ ಅಮ್ಮ ತೊಟ್ಟಿಯ ಪುದೀನವನ್ನು ನೋಡಿದಳು. ನಾನು ಹೆಮ್ಮೆಯಿಂದ ಎಲೆ ತೋರಿಸಿದೆ. ಆಕೆ ಎಲೆಯ ಕಡೆ ಒಮ್ಮೆ ನೋಡಿ, ಮುಚ್ಚಳ ಎತ್ತಲು ಕೈ ಮಾಡಿ ಹೇಳಿದಳು: “ಎಲಿ ಕಂಡ್ರ್ ಸಾಲ ಮಗಾ, ಬೇರ್ ಕಾಣ್ಕ್.”

ಆಕೆಯನ್ನು ಲೋಕಲ್ಲಿನಲ್ಲಿ ಮುಂಬಯಿಗೆ ಕರೆದೊಯ್ದ ದಿನ ವಾಶಿ ದಾಟಿದ ಕೂಡಲೆ ಖಾರಿಯ ಸೇತುವೆ ಬಂತು. 1992ರಲ್ಲಿ ಈ ಸೇತುವೆಯ ಮೇಲೆ ರೈಲು ಓಡಿದ ಮೇಲೆಯೇ ನಮ್ಮಂಥವರು ಇತ್ತ ಮನೆ ಮಾಡುವ ಯೋಚನೆ ಮಾಡಿದ್ದು. ನೀರಿಳಿತದ ಹೊತ್ತು. ಎರಡೂ ಬದಿಯಲ್ಲಿ ಬೂದುಬಣ್ಣದ ಕೆಸರು, ಅದರ ಅಂಚಿಗೆ ಕಾಂಡ್ಲಾ ಕಾಡು. ನಮ್ಮ ಗಂಗೊಳ್ಳಿಯ ಅಳಿವೆಯ ಬದಿಯಲ್ಲೂ ಕಾಂಡ್ಲಾ ಇದೆಯಾದ್ದರಿಂದ ಅಮ್ಮನಿಗೆ ಅದು ಪರಿಚಯದ ಮುಖ. ಮರಗಳ ಸುತ್ತ ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಮೊನೆಗಳು. ಅವು ಬೇರುಗಳು, ಕೆಳಗಿಳಿಯುವ ಬದಲು ಮೇಲೇರಿದ ಬೇರುಗಳು. ಉಪ್ಪುನೀರು ತುಂಬಿದ ಜಿಗುಟು ಮಣ್ಣಿನೊಳಗೆ ಗಾಳಿ ಇಲ್ಲದ್ದರಿಂದ ಮರವೇ ಬೇರನ್ನು ಮೇಲಕ್ಕೆ ಕಳಿಸಿ ಇಳಿತದ ಹೊತ್ತಿನಲ್ಲಿ ಉಸಿರೆಳೆದುಕೊಳ್ಳುತ್ತದೆ. ನನ್ನ ಬಟ್ಟಲುಗಳ ಕೆಳಗೆ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲುವ, ತುಸು ನವಿರಾದ ಬೇರುಗಳದೂ ಅದೇ ಕೆಲಸ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪಂಪೇ ಇಲ್ಲದ ಪದ್ಧತಿಯನ್ನು ರೂಪಿಸಿದ್ದು ಈ ಗಾಳಿಬೇರುಗಳನ್ನು ನಂಬಿಕೊಂಡೇ: ಗಿಡ ಕುಡಿದ ಹಾಗೆ ನೀರು ಇಳಿಯುತ್ತದೆ, ಇಳಿದ ಜಾಗದಲ್ಲಿ ಬೇರು ಉಸಿರಾಡುತ್ತದೆ. ಅವನ್ನು ಏಕೆ ಸವರಬಾರದು, ತೊಟ್ಟಿಯನ್ನು ಏಕೆ ಕುತ್ತಿಗೆಮಟ್ಟ ತುಂಬಿಸಬಾರದು ಎಂಬುದನ್ನು ನಾನು ಯಾವ ಕೈಪಿಡಿಗಿಂತಲೂ ಚೆನ್ನಾಗಿ ಆ ರೈಲಿನ ಕಿಟಕಿಯಲ್ಲಿ ಅರ್ಥಮಾಡಿಕೊಂಡೆ.

ಮಣ್ಣಿನ ಬಗೆಗೂ ಆಗಲೇ ಯೋಚಿಸಿದೆ. 1970ರಲ್ಲಿ ನಗರ ಯೋಜನೆಯ ಸಂಸ್ಥೆ ಸಿಡ್ಕೊ ಹುಟ್ಟಿ ಈ ಊರಿನ ನಕ್ಷೆ ಬರೆಯತೊಡಗುವ ಮೊದಲು ಈ ಖಾರಿಯ ದಡ ಆಗರಿ, ಕೋಳಿ ಜನರ ಗದ್ದೆ, ಉಪ್ಪಿನ ಆಗರ, ಮೀನಿನ ಬಲೆಗಳ ನೆಲ. ಇಂದು ನಮ್ಮ ಮನೆಗಳು ನಿಂತಿರುವುದು ಬಹುಪಾಲು ತಗ್ಗಿಗೆ ಹೊರಗಿನಿಂದ ತಂದು ತುಂಬಿದ ಮಣ್ಣಿನ ಮೇಲೆ, ಅದರ ಮೇಲೆ ಹಾಸಿದ ಕಾಂಕ್ರೀಟಿನ ಮೇಲೆ. ನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ ಸೊಪ್ಪು ಬೆಳೆಯಲು ನನಗಿದ್ದ ದಾರಿ ನೀರೊಂದೇ. ಅದು ನನಗೆ ಬಹಳ ಕೊಟ್ಟಿದೆ. ಆದರೆ ಅದು ಕೊಟ್ಟ ದೊಡ್ಡ ಪಾಠ, ಮಣ್ಣಿನ ಮೇಲಿನ ಗೌರವ. ಒಂದು ಹಿಡಿ ಹಿತ್ತಲ ಮಣ್ಣು ಏನೂ ಕೇಳದೆ ಮಾಡುವುದನ್ನು ಆರು ಲೀಟರ್ ನೀರಿನಲ್ಲಿ ಮಾಡಲು ಒಬ್ಬ ಮನುಷ್ಯ, ಒಂದು ಪಂಪು, ಎರಡು ಬಾಟಲಿ, ಒಂದು ಕತ್ತರಿ, ತಿಂಗಳಿಗೊಂದು ಭಾನುವಾರ ಸಂಜೆ ಬೇಕು.

ಸವರಿದ ಬೇರನ್ನು ಮೊದಮೊದಲು ಕಸದ ಡಬ್ಬಕ್ಕೆ ಹಾಕುತ್ತಿದ್ದೆ. ಈಗ ಹಾಕುವುದಿಲ್ಲ. ಕಿಟಕಿಯ ಗ್ರಿಲ್ಲಿನಲ್ಲಿ ಒಂದೇ ಒಂದು ಮಣ್ಣಿನ ಕುಂಡವಿದೆ. ಅಮ್ಮ ತೆಂಗಿನ ಕರಟದಲ್ಲಿ ಊರ ಮಣ್ಣಿನ ಸಮೇತ ತಂದ ತುಳಸಿ ಅದರಲ್ಲಿದೆ. ಬೋಗುಣಿಯಲ್ಲಿ ಉಳಿದ ಬೇರಿನ ಮುದ್ದೆಯನ್ನು ಹಿಂಡಿ, ಸಣ್ಣಗೆ ಕತ್ತರಿಸಿ, ತುಳಸಿಯ ಬುಡದಿಂದ ತುಸು ದೂರ ಬೆರಳಲ್ಲಿ ತೋಡಿ ಹೂತು ಮುಚ್ಚುತ್ತೇನೆ. ಬೋಗುಣಿಯ ನೀರನ್ನೂ ಅಲ್ಲಿಗೇ ಹನಿಸುತ್ತೇನೆ. ಮುಂದಿನ ತಿಂಗಳು ಹೊಸ ಬೇರು ಹೂಳಲು ಅದೇ ಜಾಗವನ್ನು ಕೆದಕಿದರೆ ಹಳೆಯದರ ಗುರುತೇ ಇರುವುದಿಲ್ಲ. ಶ್ಯಾವಿಗೆಯಂಥ ಆ ಬಿಳಿ ರಾಶಿ ಕಪ್ಪಗೆ, ಪುಡಿಪುಡಿಯಾಗಿ, ಬೆರಳಿಗೆ ಅಂಟುವ ಮಣ್ಣಾಗಿರುತ್ತದೆ. ಈ ಜೂನಿನ ಮೊದಲ ಮಳೆಯ ಮರುದಿನ ಕೆದಕುವಾಗ ಬೆರಳಿಗೆ ಏನೋ ತಣ್ಣಗೆ ತಾಗಿತು. ಸಣ್ಣ ಎರೆಹುಳು, ಅಮ್ಮನ ಕರಟದಲ್ಲೇ ಮೊಟ್ಟೆಯಾಗಿ ಬಂದಿತ್ತೋ ಏನೋ. ಬೆಳಕಿಗೆ ಮೈ ಮುದುಡಿಕೊಂಡಿತು. ನಾನು ತಂದಿದ್ದ ಬೇರನ್ನು ಅದರ ಪಕ್ಕದಲ್ಲಿ ಇಟ್ಟು ಮಣ್ಣು ಮುಚ್ಚಿದೆ. ನನ್ನ ಪಾಳಿ ಅಲ್ಲಿಗೆ ಮುಗಿದಿತ್ತು.